ಸಾಬೂನಿನೊಡನೆ ಮಾರಾಟವಾದ ಸಂಕೋಚ

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಲ್ಲಿ ರೇಷ್ಮೆ ಬೆಳೆಯುವ ಮನೆಗಳ ತಾಯಂದಿರಿಗೆ ಶುಚಿತ್ವದ ಪಾಠವನ್ನು ಹೊರಗಿನವರು ಬಂದು ಹೇಳಬೇಕಾದ ಅಗತ್ಯವಿಲ್ಲ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದೊಡನೆ ತಟ್ಟೆ, ಚಂದ್ರಿಕೆ, ಬಲೆಗಳೆಲ್ಲ ಅಂಗಳಕ್ಕೆ ಬರುತ್ತವೆ. ತೊಳೆದು ಬಿಸಿಲಿಗೆ ಹಾಕಿದ್ದಾಗುತ್ತದೆ. ಹುಳುಮನೆಯ ಗೋಡೆಗೂ ನೆಲಕ್ಕೂ ಬ್ಲೀಚಿಂಗ್ ಪುಡಿ ಮತ್ತು ಸುಣ್ಣ ಬೆರೆಸಿದ ನೀರನ್ನೋ ಫಾರ್ಮಾಲಿನ್ ದ್ರಾವಣವನ್ನೋ ಸಿಂಪಡಿಸುತ್ತಾರೆ. ನೂರು ಭಾಗ ನೀರಿಗೆ ಬ್ಲೀಚಿಂಗ್ ಪುಡಿ 2 ಭಾಗ, ಸುಣ್ಣ 0.3 ಭಾಗ ಎಂಬ ಲೆಕ್ಕ ಅನೇಕರಿಗೆ ಬಾಯಿಪಾಠ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದಲ್ಲದೆ ಒಳಗೆ ಹೋಗುವಂತಿಲ್ಲ. ಇಷ್ಟೆಲ್ಲ ಏಕೆಂದರೆ ಹಾಲುತೊಂಡೆಯೋ ಸುಣ್ಣಕಟ್ಟೋ ಗಂಟುರೋಗವೋ ಬಂದರೆ ತಿಂಗಳ ದುಡಿಮೆ ಎರಡು ದಿನದಲ್ಲಿ ತಿಪ್ಪೆಗೆ ಹೋಗುತ್ತದೆ. ಈ ಶುಚಿತ್ವಕ್ಕೆ ಕಣ್ಣಿಗೆ ಕಾಣುವ ಕಾರಣವಿದೆ. ನೆರೆಮನೆಯವರು ಏನೆಂದುಕೊಂಡಾರು ಎಂದು ಯಾವ ಗೃಹಿಣಿಯೂ ಹುಳುಮನೆ ತೊಳೆಯುವುದಿಲ್ಲ.

ಶುಚಿತ್ವಕ್ಕೆ ಇನ್ನೊಂದು ಮುಖವೂ ಉಂಟು. ಅದು ರೋಗಕ್ಕಿಂತ ಜನರ ಮಾತಿಗೆ ಹೆದರುವ ಶುಚಿತ್ವ. ಇಪ್ಪತ್ತನೆಯ ಶತಮಾನದ ಜಾಹೀರಾತುದಾರರು ಮೊದಲನೆಯ ಶುಚಿತ್ವದ ಹೆಸರು ಹೇಳಿ ಎರಡನೆಯದನ್ನು ಮಾರಿದರು. ಕೊಂಡವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಈ ವ್ಯಾಪಾರ ನಡೆದ ಬಗೆಯನ್ನೂ ಅದು ನಮ್ಮ ಮನೆಗಳೊಳಗೆ ಕಾಲಿಟ್ಟ ಬಗೆಯನ್ನೂ ನಮ್ಮ ಸೋದರಿಯರು ತಿಳಿದಿರುವುದು ಒಳ್ಳೆಯದೆಂಬ ಭಾವನೆಯಿಂದ ಈ ಲೇಖನ.

ಈ ಕಥೆಗೂ ರೇಷ್ಮೆಗೂ ನಂಟಿರುವುದು ಒಂದು ಸ್ವಾರಸ್ಯ. ದಕ್ಷಿಣ ಫ್ರಾನ್ಸಿನಲ್ಲಿ ಗಂಟುರೋಗದಿಂದ ರೇಷ್ಮೆಹುಳುಗಳು ಸಾಯುತ್ತಿದ್ದಾಗ ಅದರ ಮೂಲವನ್ನು ಹುಡುಕಲು 1865ರಲ್ಲಿ ಹೋದವನು ಲೂಯಿ ಪಾಶ್ಚರ್. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಉಳಿಸಿಕೊಳ್ಳುವ ಅವನ ವಿಧಾನವೇ ಇಂದಿಗೂ ಬಿತ್ತನೆ ಮೊಟ್ಟೆ ಕೇಂದ್ರಗಳಿಗೆ ಆಧಾರ. ಅದೇ ಪಾಶ್ಚರನ ಸೂಕ್ಷ್ಮಜೀವಿ ವಿಚಾರಗಳಿಂದ ಪ್ರೇರಿತನಾದ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಗಾಯಗಳು ಕೊಳೆಯದಂತೆ ಕಾರ್ಬಾಲಿಕ್ ಆಮ್ಲವನ್ನು ಬಳಸುವ ಕ್ರಮವನ್ನು 1867ರಲ್ಲಿ ಪ್ರಕಟಿಸಿದನು. ಲಕ್ಷಾಂತರ ಜೀವಗಳನ್ನು ಉಳಿಸಿದ ಆವಿಷ್ಕಾರವದು. ಹನ್ನೆರಡು ವರ್ಷಗಳ ತರುವಾಯ, 1879ರಲ್ಲಿ, ಅಮೆರಿಕದಲ್ಲಿ ತಯಾರಾದ ಒಂದು ನಂಜುನಿರೋಧಕ ದ್ರವಕ್ಕೆ ಆ ಮಹನೀಯನ ಹೆಸರಿನಿಂದಲೇ ಲಿಸ್ಟರೀನ್ ಎಂದು ನಾಮಕರಣ ಮಾಡಿದರು.

ಲಿಸ್ಟರೀನ್ ಮೊದಮೊದಲು ಶಸ್ತ್ರಚಿಕಿತ್ಸೆಗೆ, ದಂತವೈದ್ಯರ ಬಳಕೆಗೆ, ನೆಲ ಒರೆಸುವುದಕ್ಕೂ ಸಹ ಮಾರಾಟವಾಗುತ್ತಿತ್ತು. ವ್ಯಾಪಾರ ಸಾಧಾರಣವಾಗಿತ್ತು. 1920ರ ದಶಕದಲ್ಲಿ ಅದರ ಒಡೆಯರು ಹಳೆಯ ವೈದ್ಯಕೀಯ ಬರಹಗಳಿಂದ ‘ಹ್ಯಾಲಿಟೋಸಿಸ್’ ಎಂಬ ಶಬ್ದವೊಂದನ್ನು ಹೆಕ್ಕಿ ತಂದರು. ಬಾಯಿಯ ವಾಸನೆ ಎಂದರೆ ಆಡಲು ಸಂಕೋಚ. ಹ್ಯಾಲಿಟೋಸಿಸ್ ಎಂದರೆ ಅದೊಂದು ರೋಗವಾಯಿತು, ರೋಗವೆಂದ ಮೇಲೆ ಔಷಧವೂ ಬೇಕಾಯಿತು! ಆ ಕಾಲದ ಅವರ ಅತ್ಯಂತ ಪ್ರಸಿದ್ಧ ಜಾಹೀರಾತಿನಲ್ಲಿ ಎಡ್ನಾ ಎಂಬ ಕಲ್ಪಿತ ತರುಣಿಯ ಚಿತ್ರವಿತ್ತು. ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಮದುವೆಯಾಗುತ್ತಾರೆ, ಆಕೆ ಪ್ರತಿ ಮದುವೆಯಲ್ಲೂ ವಧುವಿನ ಸಖಿಯಾಗಿ ನಿಲ್ಲುತ್ತಾಳೆ, ವಯಸ್ಸು ಮೂವತ್ತರ ಹತ್ತಿರ ಬಂದರೂ ತಾನು ಮಾತ್ರ ವಧುವಾಗುವುದಿಲ್ಲ. ಕಾರಣ ಆಕೆಗೂ ಗೊತ್ತಿಲ್ಲ. ಅತ್ಯಂತ ಆಪ್ತ ಗೆಳತಿಯೂ ಬಾಯಿಬಿಟ್ಟು ಹೇಳುವುದಿಲ್ಲ ಎಂದು ಜಾಹೀರಾತು ಪಿಸುಗುಟ್ಟುತ್ತದೆ.

ಈ ಪಿಸುಮಾತಿನಲ್ಲೇ ಆ ವ್ಯಾಪಾರದ ಜಾಣತನವೆಲ್ಲ ಅಡಗಿತ್ತು. ಗಾಯವಾದರೆ ನೋವಿನಿಂದ ತಿಳಿಯುತ್ತದೆ, ಜ್ವರ ಬಂದರೆ ಮೈ ಬಿಸಿಯಾಗುತ್ತದೆ. ಈ ದೋಷವಾದರೋ ಇದ್ದವರಿಗೆ ತಿಳಿಯುವುದಿಲ್ಲ, ತಿಳಿದವರು ಹೇಳುವುದಿಲ್ಲ. ಹಾಗಾದರೆ ತನ್ನಲ್ಲಿ ಅದು ಇಲ್ಲವೆಂದು ಯಾರು ತಾನೆ ಧೈರ್ಯವಾಗಿ ಹೇಳಬಲ್ಲರು? ಸುತ್ತಲಿನವರ ಮೌನವೇ ದೋಷಕ್ಕೆ ಸಾಕ್ಷಿಯಾಗಿಬಿಟ್ಟಿತು. ಗೆಳತಿ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಏಳು ವರ್ಷಗಳ ಅವಧಿಯಲ್ಲಿ ಕಂಪನಿಯ ವಾರ್ಷಿಕ ವರಮಾನ ಸುಮಾರು 1 ಲಕ್ಷ 15 ಸಾವಿರ ಡಾಲರುಗಳಿಂದ 80 ಲಕ್ಷ ಡಾಲರುಗಳಿಗೇರಿತು. ಇದೇ ದ್ರವ ನೆಗಡಿಯನ್ನೂ ತಡೆಯುತ್ತದೆಂಬ ಪ್ರಚಾರ ದಶಕಗಳ ಕಾಲ ನಡೆಯಿತು. ಅದು ಸುಳ್ಳೆಂದು ಅಮೆರಿಕದ ವ್ಯಾಪಾರ ಆಯೋಗವು 1975ರಲ್ಲಿ ತೀರ್ಮಾನಿಸಿ, ಆ ಮಾತನ್ನು ಸ್ವತಃ ಕಂಪನಿಯೇ ಜಾಹೀರಾತಿನಲ್ಲಿ ಒಪ್ಪಿಕೊಳ್ಳಬೇಕೆಂದು ಆಜ್ಞೆ ಮಾಡಿತು. ನೆಗಡಿಯ ಸುಳ್ಳನ್ನು ಪರೀಕ್ಷಿಸಬಹುದಾಗಿತ್ತು. ಎಡ್ನಾಳ ಮದುವೆ ಏಕೆ ನಿಂತಿತೆಂಬುದನ್ನು ಯಾವ ಆಯೋಗ ಪರೀಕ್ಷಿಸೀತು!

ಬೆವರಿನ ಕಥೆಯೂ ಇದೇ ಬಗೆಯದು. ಅಮೆರಿಕದ ಸಿನ್ಸಿನಾಟಿ ನಗರದ ಶಸ್ತ್ರವೈದ್ಯನೊಬ್ಬ ಶಸ್ತ್ರಕ್ರಿಯೆಯ ವೇಳೆ ತನ್ನ ಅಂಗೈ ಬೆವರದಿರಲೆಂದು ಒಂದು ದ್ರವವನ್ನು ಮಾಡಿಕೊಂಡಿದ್ದನು. ಅವನ ಮಗಳು ಎಡ್ನಾ ಮರ್ಫಿ (ಈಕೆ ನಿಜವಾದ ವ್ಯಕ್ತಿ, ಹಿಂದಿನ ಎಡ್ನಾಳಿಗೂ ಈಕೆಗೂ ಸಂಬಂಧವಿಲ್ಲ) ಅದನ್ನು ಕಂಕುಳ ಬೆವರಿಗೆ ‘ಓಡೊರೊನೊ’ ಎಂಬ ಹೆಸರಿನಲ್ಲಿ ಮಾರಹೊರಟಳು. ಬೆವರುವುದು ಆರೋಗ್ಯದ ಲಕ್ಷಣವೆಂದು ನಂಬಿದ್ದ ಜನ ಕೊಳ್ಳಲಿಲ್ಲ. 1919ರಲ್ಲಿ ಜಾಹೀರಾತು ಬರಹಗಾರ ಜೇಮ್ಸ್ ವೆಬ್ ಯಂಗ್ ಎಂಬಾತ ಮಹಿಳಾ ಪತ್ರಿಕೆಯೊಂದರಲ್ಲಿ ಹೆಣ್ಣಿನ ತೋಳಿನ ಚೆಲುವನ್ನು ವರ್ಣಿಸುತ್ತಲೇ, ಆಕೆಗೆ ಅರಿವಿಲ್ಲದಂತೆ ಜನ ಆಕೆಯಿಂದ ದೂರ ಸರಿಯುತ್ತಿರಬಹುದೆಂದು ಸೂಚಿಸಿದನು. ಸುಮಾರು ಇನ್ನೂರು ಓದುಗರು ಅಸಹ್ಯಪಟ್ಟು ಪತ್ರಿಕೆಯ ಚಂದಾ ನಿಲ್ಲಿಸಿದರಂತೆ. ಮರುವರ್ಷದೊಳಗೆ ಮಾರಾಟ ಮಾತ್ರ ಇಮ್ಮಡಿಗಿಂತ ಹೆಚ್ಚಾಗಿ 4 ಲಕ್ಷ 17 ಸಾವಿರ ಡಾಲರುಗಳನ್ನು ಮುಟ್ಟಿತು.

ಇವೆರಡರಲ್ಲಿ ಕಳೆದದ್ದು ಹಣ, ಮನಶ್ಶಾಂತಿ. ಮುಂದಿನದರಲ್ಲಿ ಪ್ರಾಣಗಳೇ ಹೋದವು. ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಆದರೂ ಮನೆಯ ಹಿರಿಯ ಹೆಣ್ಣುಮಕ್ಕಳು ಕಿರಿಯರಿಗೆ ತಿಳಿಹೇಳಬೇಕಾದದ್ದು.

ಲೈಸಾಲ್ ಎಂಬ ಕ್ರಿಮಿನಾಶಕವು 1889ರಲ್ಲಿ ಜರ್ಮನಿಯಲ್ಲಿ ಕಾಲರಾ ತಡೆಗೆಂದು ಹುಟ್ಟಿತು. ಆಗ ಅದರಲ್ಲಿದ್ದುದು ಕ್ರಿಸಾಲ್ ಎಂಬ, ಚರ್ಮವನ್ನು ಸುಡಬಲ್ಲ ರಾಸಾಯನಿಕ. ಆಸ್ಪತ್ರೆಯ ನೆಲಕ್ಕೂ ಬಚ್ಚಲಿಗೂ ಹೇಳಿಮಾಡಿಸಿದ ಪದಾರ್ಥ. 1920ರಿಂದ 1950ರವರೆಗಿನ ದಶಕಗಳಲ್ಲಿ ಇದನ್ನೇ ನೀರಿಗೆ ಬೆರೆಸಿ ದೇಹದ ಒಳಭಾಗವನ್ನು ತೊಳೆದುಕೊಳ್ಳುವಂತೆ ಅಮೆರಿಕದ ಗೃಹಿಣಿಯರಿಗೆ ಜಾಹೀರಾತುಗಳು ಉಪದೇಶಿಸಿದವು. ಚಿತ್ರಗಳಲ್ಲಿ ಗಂಡ ಮುಖ ತಿರುಗಿಸಿ ಕುಳಿತಿರುತ್ತಾನೆ, ಇಲ್ಲವೆ ಬಾಗಿಲು ಹಾಕಿಕೊಂಡು ಹೊರಟಿರುತ್ತಾನೆ, ಹೆಂಡತಿ ಕಣ್ಣೀರಿಡುತ್ತಿರುತ್ತಾಳೆ. ಒಂದು ಚಿತ್ರದಲ್ಲಿ ಬಾಗಿಲಿಗೆ ಸರಪಳಿ ಬಿಗಿದು ತೂಗುಹಾಕಿದ ಬೀಗಗಳ ಮೇಲೆ ಸಂದೇಹ, ಅಜ್ಞಾನ ಎಂಬ ಅಕ್ಷರಗಳಿದ್ದವು. ಸಂಸಾರದಲ್ಲಿ ಪ್ರೀತಿ ಆರಿದ್ದರೆ ತಪ್ಪು ಆಕೆಯದೇ, ಅದೂ ಆಕೆಯ ದೇಹದ್ದೇ, ಎಂಬುದು ಎಲ್ಲದರ ತಾತ್ಪರ್ಯ. ಗಂಡನ ಸ್ವಭಾವ, ಸಾಲ, ಕುಡಿತ, ದಣಿವು ಇವಾವುವೂ ಆ ಮನೆಗಳಲ್ಲಿ ಇದ್ದಂತೆಯೇ ಕಾಣುವುದಿಲ್ಲ!

ಇದರ ಹಿಂದೆ ಇನ್ನೊಂದು ಮರ್ಮವಿತ್ತು. 1873ರ ಕಾಮ್‌ಸ್ಟಾಕ್ ಕಾಯಿದೆಯ ಪ್ರಕಾರ ಆ ದೇಶದಲ್ಲಿ ಗರ್ಭನಿರೋಧಕ ಸಾಧನಗಳನ್ನೂ ಮಾಹಿತಿಯನ್ನೂ ಅಂಚೆಯಲ್ಲಿ ಕಳುಹಿಸುವುದು ಅಪರಾಧವಾಗಿತ್ತು. ಆದ್ದರಿಂದ ‘ಸ್ತ್ರೀ ನೈರ್ಮಲ್ಯ’ ಎಂಬ ಮುಸುಕಿನ ಮಾತಿನಲ್ಲಿ ಲೈಸಾಲನ್ನು ಗರ್ಭ ತಡೆಯುವ ಉಪಾಯವೆಂದು ಸೂಚಿಸಲಾಯಿತು. ಬಾಯಿಬಿಟ್ಟು ಹೇಳುವ ಹಾಗಿಲ್ಲ, ಕೇಳುವ ಹಾಗಿಲ್ಲ. ಬಳಸಿ ಕೆಟ್ಟವಳು ದೂರು ಕೊಡುವ ಹಾಗೆಯೂ ಇಲ್ಲ. ಯೂರೋಪಿನ ಮಹಿಳಾ ವೈದ್ಯರ ಹೆಸರಿನಲ್ಲಿ ಪ್ರಶಂಸಾಪತ್ರಗಳು ಅಚ್ಚಾದವು. ಅಮೆರಿಕದ ವೈದ್ಯಸಂಘ ವಿಚಾರಿಸಿ ನೋಡಿದಾಗ ಅಂಥ ವೈದ್ಯರು ಇರಲೇ ಇಲ್ಲವೆಂದು ತಿಳಿದುಬಂದಿತು. ಇತಿಹಾಸಕಾರ್ತಿ ಆಂಡ್ರಿಯಾ ಟೋನ್ ಅವರು ಸಂಗ್ರಹಿಸಿರುವ ಮಾಹಿತಿಯಂತೆ 1911ರ ಹೊತ್ತಿಗಾಗಲೇ ವೈದ್ಯರು 193 ಲೈಸಾಲ್ ವಿಷಪ್ರಕರಣಗಳನ್ನೂ, ಒಳಭಾಗಕ್ಕೆ ಬಳಸಿದ್ದರಿಂದ ಸಂಭವಿಸಿದ 5 ಸಾವುಗಳನ್ನೂ ದಾಖಲಿಸಿದ್ದರು. ಉದ್ದೇಶವಾದರೂ ಈಡೇರಿತೇ? 1933ರಲ್ಲಿ ನೆವಾರ್ಕ್ ನಗರದ ತಾಯಂದಿರ ಆರೋಗ್ಯ ಕೇಂದ್ರವು ಲೈಸಾಲನ್ನು ನೆಚ್ಚಿಕೊಂಡಿದ್ದ 507 ಮಂದಿಯನ್ನು ವಿಚಾರಿಸಿದಾಗ ಅವರಲ್ಲಿ ಸುಮಾರು ಅರ್ಧದಷ್ಟು ಜನ ಗರ್ಭಿಣಿಯರಾಗಿದ್ದರು. 1950ರ ದಶಕದಲ್ಲಿ ಕ್ರಿಸಾಲನ್ನು ಬದಲಿಸಲಾಯಿತು.

ಹುಳುಮನೆಗೆ ಹೊಡೆಯುವ ಫಾರ್ಮಾಲಿನ್ನನ್ನು ಮೈಗೆ ಹಚ್ಚಿಕೊಳ್ಳೆಂದರೆ ಕೂಟಗಲ್ಲಿನ ಗೃಹಿಣಿ ನಕ್ಕುಬಿಟ್ಟಾಳು. ಅಕ್ಷರ ಬಲ್ಲ, ಪತ್ರಿಕೆ ಓದುವ ಅಮೆರಿಕದ ಹೆಣ್ಣುಮಕ್ಕಳು ಅದಕ್ಕೆ ಸಮಾನವಾದದ್ದನ್ನು ಮಾಡಿದರು. ಅವರೇನೂ ದಡ್ಡರಲ್ಲ. ಕೇಳಲು ಒಬ್ಬರೂ ಇಲ್ಲದಂತೆ ಮಾಡಿ, ಉತ್ತರವನ್ನು ಸೀಸೆಯಲ್ಲಿಟ್ಟು ಮಾರಿದ್ದರು. ಅದೇ ಕಾಲದಲ್ಲಿ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಸಲಹೆ ನೀಡುವ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಮಾಡಿತ್ತು. ಸರ್ಕಾರವೊಂದು ತೆರೆದ ಇಂಥ ಕೇಂದ್ರಗಳಲ್ಲಿ ಜಗತ್ತಿಗೇ ಇವು ಮೊದಲಿನವೆಂದು ಗುರುತಿಸಲಾಗಿದೆ. ವೈದ್ಯರನ್ನು ಕೇಳಬಹುದಾದ ಹೆಣ್ಣಿಗೆ ಸೀಸೆಯ ಪಿಸುಮಾತು ಬೇಕಾಗುವುದಿಲ್ಲ. ಈ ಹೆಮ್ಮೆಯ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಎತ್ತಿ ಹೇಳಬಾರದೇಕೆ?

ಇನ್ನು ನಮ್ಮ ಮನೆಗಳ ಕಡೆ ಬರೋಣ. ಸೀಗೆಪುಡಿ, ಕಡಲೆಹಿಟ್ಟು, ಅರಿಸಿನ, ಬೇವಿನ ಕಡ್ಡಿಗಳಿದ್ದ ಬಚ್ಚಲಿಗೆ ಕೆಂಪು ಕಾರ್ಬಾಲಿಕ್ ಸಾಬೂನು ಲೈಫ್‌ಬಾಯ್ 1895ರಷ್ಟು ಹಿಂದೆಯೇ ಭಾರತದ ಬಂದರುಗಳಿಗೆ ಬಂದಿಳಿಯಿತು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರತಾರೆ ಲೀಲಾ ಚಿಟ್ನಿಸ್ ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಬರಬರುತ್ತ ವಾರಪತ್ರಿಕೆಗಳ ಪುಟಗಳಲ್ಲಿ ಚಿತ್ರಕಥೆಯಂತೆ ಬಿಡಿಸಿದ ದಂತಮಂಜನ, ಸಾಬೂನು, ಸ್ನೋಗಳ ಪ್ರಕಟಣೆಗಳು ತುಂಬಿದವು. ಮೊದಲ ಚೌಕದಲ್ಲಿ ಹುಡುಗಿ ಒಂಟಿ, ಎರಡನೆಯದರಲ್ಲಿ ಗೆಳತಿಯ ಕಿವಿಮಾತು, ಕೊನೆಯದರಲ್ಲಿ ನಗು. ಎಡ್ನಾಳೇ ಸೀರೆಯುಟ್ಟು ಬಂದಳೆಂದರೂ ತಪ್ಪಿಲ್ಲ.

ಹೆದರಿಸದೆಯೂ ಸಾಬೂನು ಮಾರಬಹುದೆಂಬುದಕ್ಕೆ ದೃಷ್ಟಾಂತ ನಮ್ಮಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ, ಎಸ್. ಜಿ. ಶಾಸ್ತ್ರಿಯವರು ರೂಪಿಸಿದ ಮೈಸೂರು ಸ್ಯಾಂಡಲ್ ಸಾಬೂನಿನ ಮೊದಲ ಪ್ರಚಾರ ನಡೆದದ್ದು ಟ್ರಾಮ್ ಚೀಟಿಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದ್ದರು! ಪೊಟ್ಟಣದ ಮೇಲಿದ್ದುದು ಸಿಂಹದ ದೇಹ, ಆನೆಯ ತಲೆಯ ಶರಭ. ಶ್ರೀಗಂಧದ ಎಣ್ಣೆ ಇದೆ, ಕೊಳ್ಳಿ ಎಂಬುದಷ್ಟೇ ಮಾತು.

ಈ ನಾಡಿನಲ್ಲಿ ಅಂಜಿಕೆಯ ವ್ಯಾಪಾರಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಮೈಬಣ್ಣ. 1975ರಲ್ಲಿ ಹಿಂದೂಸ್ಥಾನ್ ಲೀವರ್ ಕಂಪನಿಯ ಫೇರ್ ಅಂಡ್ ಲವ್ಲೀ ಮಾರುಕಟ್ಟೆಗೆ ಬಂದಿತು. ಅದರ ಒಂದು ದೂರದರ್ಶನ ಜಾಹೀರಾತಿನಲ್ಲಿ ತಂದೆ ತನಗೊಬ್ಬ ಮಗನಿರಬಾರದಿತ್ತೇ ಎಂದು ನಿಟ್ಟುಸಿರಿಡುತ್ತಾನೆ. ಕಪ್ಪು ಬಣ್ಣದ ಮಗಳು ಮುಲಾಮು ಹಚ್ಚಿ ಬೆಳ್ಳಗಾಗಿ ಗಗನಸಖಿಯಾಗುತ್ತಾಳೆ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ದೂರುಗಳ ಫಲವಾಗಿ 2003ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2012ರಲ್ಲಿ ಬಂದ ಇನ್ನೊಂದು ಜಾಹೀರಾತಂತೂ ಲೈಸಾಲಿನ ಪುನರ್ಜನ್ಮವೇ ಸರಿ. ಗಂಡ ಪತ್ರಿಕೆ ಓದುತ್ತ ಕುಳಿತಿದ್ದಾನೆ, ಕಾಫಿ ಹಿಡಿದ ಹೆಂಡತಿಯ ಕಡೆ ನೋಡುವುದಿಲ್ಲ. ದೇಹದ ಗುಪ್ತಭಾಗವನ್ನು ತೊಳೆದು ಬೆಳ್ಳಗಾಗಿಸುವ ದ್ರವವನ್ನು ಆಕೆ ಬಳಸಿದ ಮೇಲೆ ಮನೆಯಲ್ಲಿ ನಗು ತುಂಬುತ್ತದೆ. ದೇಶದಾದ್ಯಂತ ಟೀಕೆಗಳು ಬಂದವು.

ಈ ಸಂಬಂಧ ವೈದ್ಯರ ಮಾತು ಸ್ಪಷ್ಟವಾಗಿದೆ. ಸ್ತ್ರೀದೇಹದ ಆ ಒಳಭಾಗ ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ. ಹೊರಭಾಗಕ್ಕೆ ನೀರು ಸಾಕು. ಒಳಗೆ ದ್ರಾವಣ ಹಾಕಿ ತೊಳೆದರೆ ರಕ್ಷಿಸುವ ಉಪಕಾರಿ ಸೂಕ್ಷ್ಮಜೀವಿಗಳೂ ನಾಶವಾಗಿ ಸೋಂಕಿಗೆ ದಾರಿಯಾಗುತ್ತದೆ. ತುರಿಕೆ, ಉರಿ, ಎಂದಿನದಲ್ಲದ ವಾಸನೆ, ಬಿಳಿಸೆರಗಿನಲ್ಲಿ ವ್ಯತ್ಯಾಸ ಕಂಡರೆ ಹೋಗಬೇಕಾದದ್ದು ವೈದ್ಯರ ಬಳಿಗೆ, ಅಂಗಡಿಗಲ್ಲ. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಸುವಾಸನೆಯ ಸೀಸೆಯಲ್ಲಿ ಪರಿಹಾರ ಹುಡುಕಿದರೆ ಗರ್ಭಕೋಶದ ಬಾಯಿಯ ಕ್ಯಾನ್ಸರಿನಂಥ ಗಂಭೀರ ಕಾಯಿಲೆಗಳ ಸೂಚನೆಯೂ ಕೈತಪ್ಪಿಹೋದೀತು. ಮುಖಕ್ಕೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳುವಾಗಿ ಕೆಂಪೇರುವ ಅಪಾಯವಿರುವುದರಿಂದ ಕೇಂದ್ರ ಸರ್ಕಾರ 2018ರಲ್ಲಿ ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ಮಾಡಿತು.

ಪರದೇಶದಲ್ಲಿ ಹುಟ್ಟಿದ ಈ ಅಂಜಿಕೆ ನಮ್ಮಲ್ಲಿ ಇಷ್ಟು ಸುಲಭವಾಗಿ ಬೇರುಬಿಟ್ಟದ್ದು ಹೇಗೆ? ನೆಲ ಮೊದಲೇ ಹದವಾಗಿತ್ತು. ಹೆಣ್ಣಿನ ದೇಹ ಮೈಲಿಗೆಯೆಂದು, ತಿಂಗಳಲ್ಲಿ ಮೂರು ದಿನ ಆಕೆ ಹೊರಗೆಂದು ಈ ದೇಶ ಶತಮಾನಗಳಿಂದ ಹೇಳಿಕೊಂಡು ಬಂದಿತ್ತು. ಹನ್ನೆರಡನೆಯ ಶತಮಾನದ ಶರಣರು ಈ ಬೇರಿಗೇ ಕೊಡಲಿ ಇಟ್ಟವರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲವೆಂದರು. ಇಷ್ಟಲಿಂಗವನ್ನು ಧರಿಸಿದ ತಾಯಿ ಆ ಮೂರು ದಿನಗಳಲ್ಲೂ ಅದನ್ನು ಧರಿಸಿಯೇ ಇರುತ್ತಾಳೆ, ಪೂಜಿಸುತ್ತಾಳೆ. ಶರಣರು ಶುಚಿತ್ವವನ್ನು ಕಡೆಗಣಿಸಿದರೆಂದು ಇದರ ಅರ್ಥವಲ್ಲ. ಬಟ್ಟೆ ಮಡಿಮಾಡುವ ಕಾಯಕ ಮಡಿವಾಳ ಮಾಚಿದೇವರದು, ಅಂಗಳ ಗುಡಿಸುವ ಕಾಯಕ ಶರಣೆ ಸತ್ಯಕ್ಕನವರದು. ಕೊಳೆಯನ್ನು ತೆಗೆದರು, ಕೊಳೆಯ ನೆಪದಲ್ಲಿ ಮನುಷ್ಯರನ್ನು ದೂರವಿಡುವುದನ್ನು ಒಪ್ಪಲಿಲ್ಲ.

ಇಂಥ ಪರಂಪರೆಯ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಮಗಳು ಮುಟ್ಟಾದರೆ ದೇವರಕೋಣೆಯತ್ತ ಸುಳಿಯುವಂತಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ. ಹುಳುಮನೆಗೆ ಕಾಲಿಡಬಾರದೆನ್ನುವವರೂ ಇದ್ದಾರೆ. ಕೈ ತೊಳೆದು ಬಂದವರ ಮುಟ್ಟಿನಿಂದ ಹಾಲುತೊಂಡೆ ಬರುವುದಿಲ್ಲ. 2014ರಲ್ಲಿ ವಿಸ್ಪರ್ ಎಂಬ ಪ್ಯಾಡಿನ ಕಂಪನಿಯು ಮುಟ್ಟಾದವರು ಉಪ್ಪಿನಕಾಯಿ ಮುಟ್ಟಿರೆಂದು ಜಾಹೀರಾತು ಮಾಡಿ, 2015ರಲ್ಲಿ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ಉನ್ನತ ಪ್ರಶಸ್ತಿ ಪಡೆಯಿತು. ಆ ಮಾತು ಸರಿಯಾದದ್ದೇ, ಅಭಿನಂದನೀಯವೇ. ಆದರೆ ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಹೇಳಿದ್ದನ್ನು ಪ್ಯಾಡು ಮಾರುವ ಕಂಪನಿಯ ಬಾಯಿಂದ ಲಿಂಗಾಯತ ಹೆಣ್ಣುಮಗಳು ಕೇಳಬೇಕಾಗಿ ಬಂದದ್ದು ನಮಗೆ ಗೌರವ ತರುವ ಸಂಗತಿಯೇ?

ಕಾನೂನಿನ ಕಡೆಯಿಂದ ಆದದ್ದು ಸ್ವಲ್ಪವೇ. ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯುವ ಕಾಯಿದೆ 1954ರಿಂದ ಇದೆ. ಜಾಹೀರಾತುದಾರರೇ 1985ರಲ್ಲಿ ಸ್ಥಾಪಿಸಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ, ಕಪ್ಪು ಬಣ್ಣದವರನ್ನು ಮದುವೆ, ಉದ್ಯೋಗಗಳಲ್ಲಿ ಸೋತವರಂತೆ ತೋರಿಸಬಾರದೆಂದು ಸೂಚಿಸಿತು. ಸಾಮಾನ್ಯ ಓದುಗರೂ ಆ ಮಂಡಳಿಗೆ ದೂರು ಬರೆಯಬಹುದು.

2020ರಲ್ಲಿ ಫೇರ್ ಅಂಡ್ ಲವ್ಲೀ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲೀ ಆಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ, ಮದುವೆ ಸಂಬಂಧ ಕೂಡಿಸುವ ಶಾದಿ ಡಾಟ್ ಕಾಮ್ ಸಂಸ್ಥೆಯು ವಧೂವರರನ್ನು ಮೈಬಣ್ಣದ ಮೇಲೆ ಆರಿಸುವ ಅನುಕೂಲವನ್ನು, ಮಹಿಳೆಯರ ಮನವಿಗೆ ಮಣಿದು ತೆಗೆದುಹಾಕಿತು. ಸಮಾಜದ ಪತ್ರಿಕೆಗಳ ವಧು-ವರ ಅಂಕಣಗಳಲ್ಲಿ ‘ಬೆಳ್ಳಗಿನ’, ‘ಗೋಧಿಬಣ್ಣದ’ ಎಂಬ ವಿಶೇಷಣಗಳನ್ನು ಬರೆದು ಕಳುಹಿಸುವವರು ಯಾವ ಕಂಪನಿಯವರೂ ಅಲ್ಲ, ಮಕ್ಕಳ ತಂದೆತಾಯಿಗಳು. ವಯಸ್ಸು, ವಿದ್ಯೆ, ಕಾಯಕ, ಊರು, ಮನೆತನ ಇಷ್ಟು ವಿವರಗಳೊಡನೆ ಬಣ್ಣದ ಪ್ರಸ್ತಾಪವಿಲ್ಲದೆ ಬಂದ ಪ್ರಕಟಣೆಗಳಿಗೂ ಸಂಬಂಧಗಳು ಕೂಡಿಬರುತ್ತಿವೆ.